ಕಾಫಿ ಹಣ್ಣು ಕಾಣದ ಹುಡುಗ: ಬಣ್ಣ ಇರೋದು ಎಲ್ಲಿ?

(ನಮ್ಮ ವಿಜ್ಞಾನ ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಅಕ್ಷರರೂಪ)

ಇವತ್ತಿನ ಮಾತು ಶುರು ಮಾಡೋದಕ್ಕೆ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಫೋನ್‌ನಲ್ಲಿ ಯಾವುದಾದ್ರೂ ಹಳದಿ ಚಿತ್ರ ತೆಗೀರಿ. ಸೇವಂತಿಗೆ, ಬಾಳೆಹಣ್ಣು, ಅರಿಶಿನ, ಏನಾದ್ರೂ ಸರಿ. ಬ್ರೈಟ್‌ನೆಸ್ ಪೂರ್ತಿ ಜಾಸ್ತಿ ಮಾಡಿ. ಈಗ ಬೆರಳ ತುದಿಯಿಂದ ಆ ಹಳದಿ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ನೀರಿನ ಹನಿ ಇಡಿ. ಆ ಹನಿ ಭೂತಗನ್ನಡಿ ಥರ ಕೆಲಸ ಮಾಡುತ್ತೆ. ಹತ್ತಿರದಿಂದ ನೋಡಿ. ಕೆಂಪು ಚುಕ್ಕಿಗಳು ಕಾಣ್ತವೆ, ಹಸಿರು ಚುಕ್ಕಿಗಳು ಕಾಣ್ತವೆ. ಹಳದಿ ಚುಕ್ಕಿ? ಹುಡುಕಿದ್ರೂ ಒಂದೂ ಸಿಗಲ್ಲ.

ನಿಮ್ಮ ಫೋನಿನ ಪರದೆಯಲ್ಲಿ ಇರೋದು ಮೂರೇ ಥರದ ದೀಪ. ಕೆಂಪು, ಹಸಿರು, ನೀಲಿ. ಹಾಗಾದ್ರೆ ಈಗ ನೀವು ನೋಡಿದ ಆ ಹಳದಿ ಎಲ್ಲಿತ್ತು? ಗಾಜಿನಲ್ಲಿತ್ತಾ, ಬೆಳಕಿನಲ್ಲಿತ್ತಾ, ನಿಮ್ಮ ತಲೆಯೊಳಗಿತ್ತಾ?

ಮುನ್ನೂರೈವತ್ತು ವರ್ಷದಿಂದ ದೊಡ್ಡ ದೊಡ್ಡವರು ಜಗಳ ಆಡಿರೋದು ಇದೇ ಪ್ರಶ್ನೆಗೆ. ನನಗೂ ಈ ಪ್ರಶ್ನೆಗೂ ಒಂದು ಹಳೇ ಸಂಬಂಧ ಇದೆ. ಅದನ್ನ ಮೊದಲು ಹೇಳಿಬಿಡ್ತೀನಿ.

ನಮ್ಮದು ಮಲೆನಾಡು. ಮನೆ ಹಿಂದೆ ಸ್ವಲ್ಪ ಕಾಫಿ ತೋಟ. ಕುಯ್ಲಿನ ಸಮಯದಲ್ಲಿ ಶಾಲೆಗೆ ರಜೆ ಇದ್ದ ದಿನ ನಾವು ಮಕ್ಕಳೂ ಬುಟ್ಟಿ ಹಿಡಿದು ಗಿಡಕ್ಕೆ ಇಳೀತಿದ್ವಿ. ನಿಯಮ ಒಂದೇ: ಕೆಂಪಗಾಗಿರೋ ಹಣ್ಣು ಕೀಳು, ಹಸಿರು ಕಾಯಿ ಬಿಡು. ಅಕ್ಕನ ಬುಟ್ಟಿ ತುಂಬ ಹಣ್ಣು. ನನ್ನ ಬುಟ್ಟಿಯಲ್ಲಿ ಅರ್ಧಕ್ಕರ್ಧ ಕಾಯಿ. ಅಮ್ಮ ಬುಟ್ಟಿ ನೋಡಿ, "ಕಣ್ಣು ಎಲ್ಲಿಟ್ಟಿದ್ದೀಯೋ?" ಅಂತ ಬೈತಿದ್ರು. ನನಗೆ ಅವಮಾನ ಆಗ್ತಿತ್ತು. ಎಲ್ಲರೂ ಇಷ್ಟು ಬೇಗ ಅದನ್ನ ಹೇಗೆ ಕಂಡುಹಿಡೀತಾರೆ ಅಂತ ಅರ್ಥವೇ ಆಗ್ತಿರಲಿಲ್ಲ. ಅಜ್ಜ ಮಾತ್ರ ಬೈತಿರಲಿಲ್ಲ. ಅಮ್ಮನ ಅಪ್ಪ ಅವರು, ನಮ್ಮ ಜೊತೆಯಲ್ಲೇ ಇದ್ರು. ಹತ್ತಿರ ಕರೆದು, "ನೋಡೋದು ಬಿಡು ಮಗಾ, ಒತ್ತಿ ನೋಡಿ ಕೀಳು. ಹಣ್ಣಾದ್ರೆ ಮೆತ್ತಗಿರುತ್ತೆ" ಅಂದ್ರು. ಅವರು ಯಾವಾಗಲೂ ಹಾಗೇ ಕೀಳ್ತಿದ್ದದ್ದು, ಎರಡು ಬೆರಳಲ್ಲಿ ಒತ್ತಿ. ಈ ಅಜ್ಜನನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬರ್ತೀನಿ.

ಡಿಗ್ರಿ ಮುಗಿದ ಮೇಲೆ ಒಂದು ಕೆಲಸಕ್ಕೆ ಬರೆದೆ, ಪಾಸಾದೆ. ಮೆಡಿಕಲ್ ಟೆಸ್ಟ್‌ನಲ್ಲಿ ಒಂದು ಪುಸ್ತಕ ಮುಂದಿಟ್ರು. ಪುಟದ ತುಂಬ ಬಣ್ಣಬಣ್ಣದ ಚುಕ್ಕಿಗಳು. "ಯಾವ ನಂಬರ್ ಕಾಣುತ್ತೆ?" ಅಂದ್ರು. ಮೊದಲ ಪುಟ ಹೇಳಿದೆ. ಆಮೇಲಿನ ಪುಟಗಳಲ್ಲಿ ನನಗೆ ಬರೀ ಚುಕ್ಕಿ. ಐದು ನಿಮಿಷದಲ್ಲಿ ಎರಡು ವರ್ಷದ ಓದು ಮುಗೀತು. ಕಾಗದದ ಮೇಲೆ ಬರೆದುಕೊಟ್ರು: ವರ್ಣಾಂಧತೆ. ಅಂದ್ರೆ ಕಲರ್ ಬ್ಲೈಂಡ್‌ನೆಸ್.

ಆ ಕೆಲಸದಲ್ಲಿ ಸಿಗ್ನಲ್ ದೀಪ ನೋಡಬೇಕಿತ್ತು, ಹಾಗಾಗಿ ನಿಯಮ ತಪ್ಪು ಅಂತ ನಾನು ಹೇಳ್ತಿಲ್ಲ. ಆದ್ರೆ ಆ ರಾತ್ರಿ ಬಸ್ಸಲ್ಲಿ ವಾಪಸ್ ಬರುವಾಗ ಒಂದೇ ಯೋಚನೆ: ಎಲ್ಲರಿಗೂ ಕಾಣೋ ಬಣ್ಣ ಹೊರಗಡೆ ಇದ್ದು ನನಗೆ ಮಾತ್ರ ಕಾಣ್ತಿಲ್ವಾ? ಅಥವಾ ಬಣ್ಣ ಅನ್ನೋದೇ ಬೇರೆ ಏನೋನಾ? ಹುಡುಕಿ ಓದೋಕೆ ಶುರು ಮಾಡಿದ್ದು ಅಲ್ಲಿಂದ.

ಶುರು ಮಾಡಬೇಕಾದದ್ದು ನ್ಯೂಟನ್‌ನಿಂದ. 1665ರಲ್ಲಿ ಇಂಗ್ಲೆಂಡಿನಲ್ಲಿ ಪ್ಲೇಗ್ ಬಂತು, ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಮುಚ್ಚಿತು. ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಹುಡುಗ ಊರಿಗೆ ವಾಪಸ್. ನಾವು ಲಾಕ್‌ಡೌನ್‌ನಲ್ಲಿ ಊರಿಗೆ ಹೋದ ಹಾಗೇ. ಆ ಕಾಲದ ನಂಬಿಕೆ ಏನಪ್ಪ ಅಂದ್ರೆ, ಬೆಳಕು ಅಂದ್ರೆ ಶುದ್ಧ ಬಿಳಿ, ಅದಕ್ಕೆ ಕತ್ತಲೆ ಬೆರೆತಾಗ ಬಣ್ಣ ಹುಟ್ಟುತ್ತೆ. ಅರಿಸ್ಟಾಟಲ್ ಕಾಲದಿಂದ ಬಂದ ವಿಚಾರ ಅದು. ಗಾಜಿನ ಪಟ್ಟಕ ಬೆಳಕನ್ನ ಕೆಡಿಸಿ ಬಣ್ಣ ಮಾಡುತ್ತೆ ಅಂತಿದ್ರು.

ನ್ಯೂಟನ್ ಕಿಟಕಿ ಬಾಗಿಲಿಗೆ ಒಂದು ತೂತು ಮಾಡಿ, ಒಳಗೆ ಬಂದ ಬಿಸಿಲಿನ ಕೋಲನ್ನ ಪಟ್ಟಕದ ಮೂಲಕ 22 ಅಡಿ ದೂರದ ಗೋಡೆಗೆ ಬಿಟ್ಟ. ತೂತು ದುಂಡಗಿತ್ತು, ಗೋಡೆ ಮೇಲೆ ಬಿದ್ದ ಬಣ್ಣದ ಪಟ್ಟಿ ಮಾತ್ರ ಅಗಲಕ್ಕಿಂತ ಐದು ಪಟ್ಟು ಉದ್ದ. ಯಾಕೆ? ಒಂದೊಂದು ಬಣ್ಣ ಒಂದೊಂದು ಪ್ರಮಾಣದಲ್ಲಿ ಬಾಗ್ತಿದೆ ಅಂತ ಅವನಿಗೆ ಹೊಳೀತು. ಆಮೇಲೆ ಅದರಲ್ಲಿ ಒಂದೇ ಬಣ್ಣವನ್ನ ಬೇರೆ ಮಾಡಿ ಎರಡನೇ ಪಟ್ಟಕಕ್ಕೆ ಬಿಟ್ಟ. ಕೆಂಪು ಕೆಂಪಾಗೇ ಉಳೀತು. ಪಟ್ಟಕ ಬಣ್ಣ ಮಾಡ್ತಿದ್ರೆ ಇಲ್ಲೂ ಹೊಸ ಬಣ್ಣ ಬರಬೇಕಿತ್ತಲ್ವಾ? ಬರಲಿಲ್ಲ. ಬಣ್ಣಗಳನ್ನೆಲ್ಲ ಮತ್ತೆ ಒಂದುಗೂಡಿಸಿದ್ರೆ ಬಿಳಿ ವಾಪಸ್ ಬಂತು. ಅಂದ್ರೆ ಬಿಳಿಯೇ ಮಿಶ್ರಣ.

1672ರಲ್ಲಿ ಇದನ್ನ ರಾಯಲ್ ಸೊಸೈಟಿಗೆ ಬರೆದ. ರಾಬರ್ಟ್ ಹುಕ್ ತಕರಾರು ತೆಗೆದ. ನ್ಯೂಟನ್‌ಗೆ ಟೀಕೆ ಅಂದ್ರೆ ಆಗ್ತಿರಲಿಲ್ಲ. ಪೂರ್ತಿ ಪುಸ್ತಕ, 'ಆಪ್ಟಿಕ್ಸ್', ಹೊರಬಂದದ್ದು 1704ರಲ್ಲಿ. ಹುಕ್ ತೀರಿಕೊಂಡ ಮರುವರ್ಷ!

ಕಾಮನಬಿಲ್ಲಿಗೆ ಏಳು ಬಣ್ಣ ಅಂತ ಶಾಲೆಯಲ್ಲಿ ಕಲಿತಿದ್ದೀವಲ್ಲ, ಆ ಏಳು ನ್ಯೂಟನ್ ಎಣಿಸಿದ ಏಳು. ಸಂಗೀತದಲ್ಲಿ ಏಳು ಸ್ವರ ಇದ್ದ ಹಾಗೆ ಬಣ್ಣಕ್ಕೂ ಇರಲಿ ಅಂತ ಹೊಂದಿಸಿದ. ನಿಜವಾಗಿ ನೋಡಿದ್ರೆ ಅಲ್ಲಿ ಗೆರೆ ಹಾಕಿ ಬೇರೆ ಮಾಡಿದ ಏಳು ಮನೆಗಳಿಲ್ಲ. ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಜಾರುತ್ತೆ, ಅಷ್ಟೇ.

ನ್ಯೂಟನ್ ಇನ್ನೂ ಒಂದು ಕೆಲಸ ಮಾಡಿದ. ಪಟ್ಟಿಯನ್ನ ಬಗ್ಗಿಸಿ ಕೆಂಪು ತುದಿಯನ್ನ ನೇರಳೆ ತುದಿಗೆ ಸೇರಿಸಿ ಚಕ್ರ ಮಾಡಿದ. ಫೋಟೋ ಎಡಿಟ್ ಮಾಡೋ ಆಪ್‌ಗಳಲ್ಲಿ ಬರುತ್ತಲ್ಲ ಕಲರ್ ವೀಲ್, ಅದರ ಅಜ್ಜ ಇದು. ತುದಿಗಳು ಕೂಡೋ ಜಾಗದಲ್ಲಿ ಒಂದು ವಿಚಿತ್ರ ಇದೆ. ಸೀರೆ ಅಂಗಡಿಯಲ್ಲಿ ರಾಣಿ ಪಿಂಕ್ ಅಂತಾರಲ್ಲ, ಆ ಬಣ್ಣ ಅಲ್ಲಿ ಬರುತ್ತೆ. ಕಾಮನಬಿಲ್ಲಿನಲ್ಲಿ ಎಷ್ಟು ಹುಡುಕಿದ್ರೂ ರಾಣಿ ಪಿಂಕ್ ಸಿಗಲ್ಲ. ಕೆಂಪೂ ನೇರಳೆಯೂ ಒಟ್ಟಿಗೆ ಕಣ್ಣಿಗೆ ಬಿದ್ದಾಗ ಮಾತ್ರ ಅದು ಹುಟ್ಟುತ್ತೆ. ಬೆಳಕಿನ ಕಿರಣಕ್ಕೆ ಸ್ವಂತ ಬಣ್ಣ ಇಲ್ಲ, ನಮ್ಮಲ್ಲಿ ಬಣ್ಣದ ಅನುಭವ ಎಬ್ಬಿಸೋ ಶಕ್ತಿ ಮಾತ್ರ ಇದೆ ಅಂತ ನ್ಯೂಟನ್ನೇ ಹೇಳಿದ್ದ. ಆ ಮಾತಿನ ಕಡೆ ಜನ ಅಷ್ಟಾಗಿ ಗಮನ ಕೊಡಲಿಲ್ಲ.

ಈಗ ಜರ್ಮನಿಗೆ ಬನ್ನಿ. ಕವಿ ಗಯಟೆ, 1790ರ ಆಸುಪಾಸು. ಪರಿಚಯದವರೊಬ್ಬರಿಂದ ಪಟ್ಟಕ ಎರವಲು ತಂದು, ಬಳಸದೆ ಮೂಲೆಗೆ ಇಟ್ಟಿದ್ರು. ಅವರು ವಾಪಸ್ ಕೇಳಿ ಕಳಿಸಿದ್ರು. ಕೊಡೋ ಮುಂಚೆ ಒಂದ್ಸಲ ನೋಡೋಣ ಅಂತ ಪಟ್ಟಕವನ್ನ ಕಣ್ಣಿಗೆ ಹಿಡಿದು ಬಿಳಿ ಗೋಡೆ ನೋಡಿದ್ರು. ಗೋಡೆ ಬಿಳಿಯಾಗೇ ಇತ್ತು! ಕಪ್ಪು ಬಿಳುಪು ಸೇರೋ ಅಂಚಿನಲ್ಲಿ ಮಾತ್ರ ಬಣ್ಣ. ನ್ಯೂಟನ್ ಹೇಳಿದ್ದು ತಪ್ಪು ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ರು.

ಭೌತಶಾಸ್ತ್ರದ ಲೆಕ್ಕದಲ್ಲಿ ಗಯಟೆ ಅವರದ್ದೇ ತಪ್ಪು. ಗೋಡೆಯ ಪ್ರತಿ ಬಿಂದುವಿನಿಂದ ಬಂದ ಬಣ್ಣಗಳು ಒಂದರ ಮೇಲೊಂದು ಬಿದ್ದು ಮತ್ತೆ ಬಿಳಿ ಆಗ್ತವೆ, ಅಂಚಿನಲ್ಲಿ ಮಾತ್ರ ಉಳೀತವೆ. ಆದ್ರೆ 1810ರಲ್ಲಿ ಅವರು ಬರೆದ ಬಣ್ಣದ ದೊಡ್ಡ ಗ್ರಂಥದಲ್ಲಿ ನ್ಯೂಟನ್ ನೋಡದೆ ಬಿಟ್ಟ ವಿಷಯಗಳಿದ್ವು. ಕೆಂಪನ್ನ ದಿಟ್ಟಿಸಿ ನೋಡಿ ಬಿಳಿ ಗೋಡೆ ಕಡೆ ತಿರುಗಿದ್ರೆ ಹಸಿರು ಛಾಯೆ ತೇಲುತ್ತಲ್ಲ, ಅದು ಯಾಕೆ? ಸಂಜೆ ಹೊತ್ತು ಮೇಣದಬತ್ತಿ ಹಚ್ಚಿದ್ರೆ ನೆರಳು ನೀಲಿಯಾಗಿ ಕಾಣೋದು ಯಾಕೆ? ಆ ಹಸಿರು, ಆ ನೀಲಿ ಹೊರಗಿನ ಬೆಳಕಿನಲ್ಲಿ ಇಲ್ಲ. ನೋಡೋ ಕಣ್ಣನ್ನ ಲೆಕ್ಕಕ್ಕೆ ತಗೊಳ್ಳದೆ ಬಣ್ಣದ ಮಾತು ಮುಗಿಯಲ್ಲ ಅಂತ ಗಯಟೆ ಹಟ ಹಿಡಿದ್ರು. ಅಷ್ಟರ ಮಟ್ಟಿಗೆ ಆ ಹಟ ಸರಿ.

ಇದೇ ಮಾತನ್ನ ಕಾರ್ಖಾನೆಯಲ್ಲಿ ಕಂಡುಹಿಡಿದವನು ಇನ್ನೊಬ್ಬ. ಪ್ಯಾರಿಸ್‌ನ ಗೋಬಲಾಂ ಅನ್ನೋದು ಗೋಡೆಗೆ ತೂಗುಹಾಕೋ ಚಿತ್ರದ ಬಟ್ಟೆ ನೇಯೋ ಹೆಸರಾಂತ ಕಾರ್ಖಾನೆ. 1824ರಲ್ಲಿ ಅಲ್ಲಿನ ಬಣ್ಣ ಹಾಕೋ ವಿಭಾಗಕ್ಕೆ ಮಿಶೆಲ್ ಶೆವ್ರಲ್ ಅನ್ನೋ ರಸಾಯನ ವಿಜ್ಞಾನಿ ಮುಖ್ಯಸ್ಥರಾದ್ರು. ಬಂದ ಕೂಡಲೇ ದೂರು: ನೀಲಿ, ನೇರಳೆ ಬಟ್ಟೆಯ ನೆರಳಿಗೆ ಹಾಕೋ ಕಪ್ಪು ದಾರ ಮಂಕು, ಬಣ್ಣ ಸರಿ ಕುದಿಸಿಲ್ಲ. ಶೆವ್ರಲ್ ಬೇರೆ ಕಡೆಯ ಕಪ್ಪು ಉಣ್ಣೆ ತರಿಸಿ ಪಕ್ಕದಲ್ಲಿಟ್ಟು ನೋಡಿದ್ರು. ತಮ್ಮ ದಾರದಲ್ಲಿ ಏನೂ ಕೊರತೆ ಇರಲಿಲ್ಲ. ತೊಂದರೆ ಇದ್ದದ್ದು ಪಕ್ಕದ ಬಣ್ಣದಲ್ಲಿ. ನೀಲಿಯ ಪಕ್ಕ ಕೂತ ಕಪ್ಪಿಗೆ ನಮ್ಮ ಕಣ್ಣು ನೀಲಿಯ ಎದುರು ಬಣ್ಣದ ಛಾಯೆ ಸೇರಿಸಿ ನೋಡುತ್ತೆ, ಆಗ ಕಪ್ಪು ಮಾಸಿದ ಹಾಗೆ ಕಾಣುತ್ತೆ.

ಯೋಚನೆ ಮಾಡಿ: ದಾರ ಬದಲಾಗಿಲ್ಲ, ಬೆಳಕು ಬದಲಾಗಿಲ್ಲ, ನೆರೆಮನೆ ಬದಲಾದ್ರೆ ಸಾಕು, ಬಣ್ಣ ಬದಲಾಗುತ್ತೆ. 1839ರಲ್ಲಿ ಶೆವ್ರಲ್ ಇದನ್ನ ಪುಸ್ತಕ ಮಾಡಿದ್ರು. ಸೂರಾ ಥರದ ಚಿತ್ರಕಾರರು ಚುಕ್ಕಿ ಪಕ್ಕ ಚುಕ್ಕಿ ಇಟ್ಟು ಚಿತ್ರ ಬರೆದದ್ದರ ಹಿಂದೆ ಇವರ ಪ್ರಭಾವ ಇದೆ. ಶೆವ್ರಲ್ 102 ವರ್ಷ ಬದುಕಿದ್ರು, ಅದೂ ಒಂದು ದಾಖಲೆಯೇ.

2015ರಲ್ಲಿ ಒಂದು ಡ್ರೆಸ್ ಫೋಟೋ ವೈರಲ್ ಆಗಿತ್ತು, ನೆನಪಿದೆಯಾ? ಅರ್ಧ ಜಗತ್ತು ನೀಲಿ ಕಪ್ಪು ಅಂತು, ಇನ್ನರ್ಧ ಬಿಳಿ ಚಿನ್ನ ಅಂತು. ಬಟ್ಟೆ ನಿಜಕ್ಕೂ ನೀಲಿ ಕಪ್ಪು. ಅದರ ಮೇಲೆ ಎಂಥ ಬೆಳಕು ಬಿದ್ದಿರಬಹುದು ಅಂತ ಒಬ್ಬೊಬ್ಬರ ಮಿದುಳು ಒಂದೊಂದು ಥರ ಊಹಿಸಿತು, ಅದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಸೀರೆ ತಗೊಳ್ಳುವಾಗ ಅಮ್ಮಂದಿರು ಅಂಗಡಿಯಿಂದ ಹೊರಗೆ ತಂದು ಬಿಸಿಲಿಗೆ ಹಿಡಿದು ನೋಡ್ತಾರಲ್ಲ, ಅವರು ಬಣ್ಣದ ಸಿದ್ಧಾಂತ ಓದದೇನೇ ತಿಳಿದವರು.

ಸರಿ, ಕಣ್ಣಿನೊಳಗೆ ಏನಿದೆ? 1801ರಲ್ಲಿ ಲಂಡನ್ನಿನ ಥಾಮಸ್ ಯಂಗ್ ಒಂದು ಊಹೆ ಹೇಳಿದ. ಲೋಕದಲ್ಲಿ ಬಣ್ಣ ಲೆಕ್ಕವಿಲ್ಲದಷ್ಟು. ಒಂದೊಂದಕ್ಕೂ ಒಂದೊಂದು ಗ್ರಾಹಕ ಇಡೋಕೆ ಕಣ್ಣಿನಲ್ಲಿ ಜಾಗ ಎಲ್ಲಿದೆ? ಮೂರೇ ಥರ ಇದ್ರೆ ಸಾಕು, ಉಳಿದದ್ದೆಲ್ಲ ಆ ಮೂರರ ಹದ. ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಕೆಂಪು ದೀಪವೂ ಹಸಿರು ದೀಪವೂ ಒಟ್ಟಿಗೆ ಬಿದ್ರೆ, ನಿಜವಾದ ಹಳದಿ ಬೆಳಕು ಬಿದ್ದಾಗ ಎಚ್ಚರ ಆಗೋ ಗ್ರಾಹಕಗಳೇ ಎಚ್ಚರ ಆಗ್ತವೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಫೋನು ನಮ್ಮನ್ನ ಮೋಸ ಮಾಡೋದು ಹೀಗೆ.

ಯಂಗ್ ಹೇಳಿದ್ದು ಊಹೆ. ಅಳೆದು ತೋರಿಸಿದವನು ಸ್ಕಾಟ್ಲೆಂಡಿನ ಮ್ಯಾಕ್ಸ್‌ವೆಲ್. ಬುಗುರಿ ಥರ ತಿರುಗೋ ತಟ್ಟೆಗೆ ಬಣ್ಣದ ಕಾಗದ ಸಿಕ್ಕಿಸಿ ತಿರುಗಿಸ್ತಿದ್ದ. ವೇಗಕ್ಕೆ ಬಣ್ಣಗಳು ಬೆರೆತು ಒಂದಾಗಿ ಕಾಣ್ತಿದ್ವು. ಯಾವ ಕಾಗದ ಎಷ್ಟು ಭಾಗ ಇದ್ರೆ ಯಾವ ಬಣ್ಣ ಅಂತ ಸಮೀಕರಣ ಬರೆದ. 1861ರಲ್ಲಿ, ಇನ್ನೂ 29 ವರ್ಷ ಅವನಿಗೆ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಚೌಕಳಿ ರಿಬ್ಬನ್ನಿನ ಮೂರು ಫೋಟೋ ತೋರಿಸಿದ. ಒಂದನ್ನ ಕೆಂಪು, ಒಂದನ್ನ ಹಸಿರು, ಒಂದನ್ನ ನೀಲಿ ಸೋಸುಕದ ಮೂಲಕ ತೆಗೆದದ್ದು. ಮೂರನ್ನೂ ಅದೇ ಬಣ್ಣದ ಬೆಳಕಿನಲ್ಲಿ ಒಂದೇ ಪರದೆಗೆ ಬಿಟ್ಟಾಗ ರಿಬ್ಬನ್ ಬಣ್ಣದಲ್ಲಿ ಕಾಣಿಸ್ತು. ನೀವು ಇವತ್ತು ತೆಗೆದ ಸೆಲ್ಫಿಯ ಹಿಂದಿನ ತತ್ವ ಅದೇ. ತಮಾಷೆ ಏನಂದ್ರೆ, ಆ ಕಾಲದ ಫೋಟೋ ಫಲಕಕ್ಕೆ ಕೆಂಪು ಬೆಳಕು ಹಿಡಿಯೋ ಶಕ್ತಿಯೇ ಇರಲಿಲ್ಲ. ಕೆಂಪು ಬಟ್ಟೆಯಿಂದ ಬಂದ ನೇರಳಾತೀತ ಕಿರಣ ಆ ಸೋಸುಕದಿಂದ ನುಸುಳಿ ಬಂದು ಪ್ರಯೋಗವನ್ನ ಕಾಪಾಡಿತ್ತು. ಅದು ಗೊತ್ತಾಗಿದ್ದು ನೂರು ವರ್ಷ ಆದ ಮೇಲೆ.

ಇಲ್ಲಿ ಕೆಲವರಿಗೆ ಅನುಮಾನ ಬಂದಿರುತ್ತೆ. ಡ್ರಾಯಿಂಗ್ ಕ್ಲಾಸಲ್ಲಿ ಮೂಲ ಬಣ್ಣ ಕೆಂಪು, ಹಳದಿ, ನೀಲಿ ಅಂದಿದ್ರಲ್ಲ? ಆ ಗೊಂದಲ ಬಿಡಿಸಿದ್ದು 1852ರಲ್ಲಿ ಹೆಲ್ಮ್‌ಹೋಲ್ಟ್ಸ್. ದೀಪಕ್ಕೆ ದೀಪ ಸೇರಿಸಿದ್ರೆ ಬೆಳಕು ಕೂಡುತ್ತೆ. ಬಣ್ಣದ ಪುಡಿಗೆ ಪುಡಿ ಬೆರೆಸಿದ್ರೆ ಒಂದೊಂದೂ ತನ್ನ ಪಾಲಿನ ಬೆಳಕು ನುಂಗುತ್ತೆ, ಬೆಳಕು ಕಳೆಯುತ್ತೆ. ಕೂಡೋ ಲೆಕ್ಕ ಬೇರೆ, ಕಳೆಯೋ ಲೆಕ್ಕ ಬೇರೆ. ದಿನಪತ್ರಿಕೆಯ ಅಂಚಿನಲ್ಲಿ ತಿಳಿನೀಲಿ, ಮಜೆಂಟಾ, ಹಳದಿ, ಕಪ್ಪು ಚುಕ್ಕಿ ಇರ್ತವಲ್ಲ, ಅದು ಕಳೆಯೋ ಲೆಕ್ಕ. ನಿಮ್ಮ ಫೋನಿನದು ಕೂಡೋ ಲೆಕ್ಕ.

ಈಗ ನನ್ನ ಕಥೆಗೆ ಬರೋಣ. ಪರಮಾಣು ಸಿದ್ಧಾಂತದ ಪಾಠದಲ್ಲಿ ಬರ್ತಾನಲ್ಲ ಜಾನ್ ಡಾಲ್ಟನ್, ಅವನೂ ನನ್ನ ಹಾಗೇ. 1792ರಲ್ಲಿ ಒಂದು ಜೆರೇನಿಯಂ ಹೂವನ್ನ ಮೇಣದಬತ್ತಿ ಬೆಳಕಲ್ಲಿ ನೋಡಿದ. ಹಗಲು ಹೊತ್ತು ಅವನಿಗೆ ನೀಲಿಯಾಗಿ ಕಂಡಿದ್ದ ಹೂವು ರಾತ್ರಿ ಕೆಂಪಗೆ ಕಾಣಿಸ್ತು. ಬೇರೆಯವರನ್ನ ಕೇಳಿದ್ರೆ, ಅಷ್ಟೇನೂ ಬದಲಾವಣೆ ಇಲ್ವಲ್ಲ ಅಂದ್ರು. ಅವನಷ್ಟೇ ವ್ಯತ್ಯಾಸ ಕಂಡವನು ಅವನ ಅಣ್ಣ ಒಬ್ಬನೇ. 1794ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಇದರ ಬಗ್ಗೆ ಉಪನ್ಯಾಸ ಕೊಟ್ಟ. ಕೆಂಪು ಅರಗಿನ ಕಡ್ಡಿಗೂ ಹಸಿರು ಎಲೆಗೂ ತನಗೆ ಹೆಚ್ಚು ವ್ಯತ್ಯಾಸ ಕಾಣಲ್ಲ ಅಂತ ಬರೆದ. ಅದನ್ನ ಓದಿದಾಗ ನನಗೆ ಕಾಫಿ ಗಿಡ ಕಣ್ಣಮುಂದೆ ಬಂತು. ಇನ್ನೂರು ವರ್ಷದ ಹಿಂದೆ ಒಬ್ಬ ವಿಜ್ಞಾನಿ ನನ್ನ ಬುಟ್ಟಿಯ ಕಥೆ ಬರೆದಿಟ್ಟಿದ್ದ!

ತನ್ನ ಕಣ್ಣೊಳಗಿನ ದ್ರವ ನೀಲಿ ಇರಬೇಕು, ಅದು ಕೆಂಪು ಬೆಳಕನ್ನ ತಡೀತಿದೆ ಅಂತ ಡಾಲ್ಟನ್ ಊಹಿಸಿದ್ದ. ಸತ್ತ ಮೇಲೆ ಕಣ್ಣು ಕೊಯ್ದು ನೋಡಿ ಅಂತ ಹೇಳಿಟ್ಟಿದ್ದ. 1844ರಲ್ಲಿ ತೀರಿಕೊಂಡ, ವೈದ್ಯರು ನೋಡಿದ್ರು, ದ್ರವ ನೀಲಿ ಇರಲಿಲ್ಲ. ಕಣ್ಣನ್ನ ಮಾತ್ರ ಜೋಪಾನ ಮಾಡಿ ಇಟ್ರು. 1995ರಲ್ಲಿ ಅದರ ಡಿಎನ್‌ಎ ಪರೀಕ್ಷೆ ಆಯ್ತು. ಮಧ್ಯದ ತರಂಗದ, ಅಂದ್ರೆ ಹಸಿರಿಗೆ ಹೆಚ್ಚು ಸ್ಪಂದಿಸೋ ಗ್ರಾಹಕದ ವಂಶವಾಹಿಯೇ ಅವನಿಗೆ ಇರಲಿಲ್ಲ. ಡಾಲ್ಟನ್‌ಗೆ ಕೆಂಪಿನದ್ದು ಕೆಲಸ ಮಾಡ್ತಿಲ್ಲ ಅಂತ ಯಂಗ್ ಹೇಳಿದ್ದ. ಮೂರರಲ್ಲಿ ಒಂದು ಇಲ್ಲ ಅನ್ನೋದು ಸರಿ, ಯಾವುದು ಅನ್ನೋದು ತಪ್ಪು.

ದೊಡ್ಡವರು ತಪ್ಪೋದು ಇಲ್ಲಿಗೇ ನಿಲ್ಲಲ್ಲ. ನಮ್ಮ ಬೆಂಗಳೂರಿನಲ್ಲಿ ಸರ್ ಸಿ.ವಿ. ರಾಮನ್ ಕೊನೆಯ ವರ್ಷಗಳಲ್ಲಿ ಹೂವಿನ ಬಣ್ಣ, ಕಣ್ಣಿನ ನೋಟ ಇದರ ಹಿಂದೆ ಬಿದ್ದಿದ್ರು. 1968ರಲ್ಲಿ ದೃಷ್ಟಿಯ ಬಗ್ಗೆಯೇ ಒಂದು ಪುಸ್ತಕ ತಂದ್ರು. ಮೂರು ಗ್ರಾಹಕದ ಸಿದ್ಧಾಂತವನ್ನ ಅವರು ಒಪ್ಪಲಿಲ್ಲ. ಆದ್ರೆ ಅದೇ ದಶಕದಲ್ಲಿ ಅಮೆರಿಕದ ಪ್ರಯೋಗಾಲಯಗಳಲ್ಲಿ ಮನುಷ್ಯನ ಕಣ್ಣಿನ ಒಂದೊಂದೇ ಕೋಶದ ಮೇಲೆ ಬೆಳಕು ಬಿಟ್ಟು ಅಳೆದಿದ್ರು, ಮೂರು ಥರ ಸಿಕ್ಕಿತ್ತು. ನೊಬೆಲ್ ಬಂದವರು ಹೇಳಿದ್ರೂ ಅಳತೆ ಬೇರೆ ಹೇಳಿದ್ರೆ ಅಳತೆಯೇ ಉಳಿಯೋದು.

ಅಳತೆಯ ಮಾತು ಬಂತಲ್ಲ, ಇನ್ನೊಂದು ಹೇಳ್ತೀನಿ. 1920ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೈಟ್ ಮತ್ತು ಗಿಲ್ಡ್ ಅನ್ನೋ ಇಬ್ಬರು ಬೇರೆ ಬೇರೆಯಾಗಿ ಪ್ರಯೋಗ ಮಾಡಿದ್ರು. ಒಂದು ಬಣ್ಣ ತೋರಿಸಿ, ಮೂರು ದೀಪ ಹೆಚ್ಚು ಕಡಿಮೆ ಮಾಡಿ ಅದೇ ಬಣ್ಣ ತನ್ನಿ ಅಂದ್ರು. ರೈಟ್ ಬಳಿ 10 ಜನ, ಗಿಲ್ಡ್ ಬಳಿ 7 ಜನ. ಒಟ್ಟು 17. ಆ ಅಂಕಿಗಳ ಆಧಾರದ ಮೇಲೆ 1931ರಲ್ಲಿ ಅಂತರರಾಷ್ಟ್ರೀಯ ಬೆಳಕಿನ ಆಯೋಗ 'ಪ್ರಮಾಣಿತ ವೀಕ್ಷಕ'ನನ್ನ ಗೊತ್ತುಮಾಡಿತು. ಟಿವಿ, ಪ್ರಿಂಟರ್, ಕ್ಯಾಮೆರಾ, ನಿಮ್ಮ ಫೋನ್, ಎಲ್ಲದರ ಬಣ್ಣದ ಲೆಕ್ಕದ ಬೇರು ಅಲ್ಲಿದೆ. ಜಗತ್ತಿನ ಕಣ್ಣು ಅಂತ ನಾವು ಒಪ್ಪಿಕೊಂಡಿರೋದು ಆ 17 ಜನರ ಸರಾಸರಿ.

ಅದನ್ನ ಓದಿದ ದಿನ ನನ್ನ ಎದೆ ಮೇಲಿದ್ದ ಒಂದು ಕಲ್ಲು ಇಳೀತು. ನನಗೆ ಕಾಣದ ಕೆಂಪು ಅಂತ ಒಂದು ವಸ್ತು ಹೊರಗೆ ಬಿದ್ದಿಲ್ಲ. ಬೆಳಕು ಎಲ್ಲರಿಗೂ ಒಂದೇ. ಅದನ್ನ ನಿಮ್ಮ ಕಣ್ಣು ಮೂರು ಅಳತೆಯಲ್ಲಿ ಓದುತ್ತೆ, ನನ್ನದು ಎರಡರಲ್ಲಿ. ಬಹಳ ಹಕ್ಕಿಗಳು ನಾಲ್ಕರಲ್ಲಿ ಓದ್ತವೆ. ಅವುಗಳ ಮುಂದೆ ನಾವೆಲ್ಲರೂ ಕಾಯಿ ಕೀಳೋ ಹುಡುಗರೇ.

ಆದ್ರೆ ಅಮ್ಮನ ಕಲ್ಲು ಇಳಿದಿರಲಿಲ್ಲ. ಇದು ತಾಯಿ ಕಡೆಯಿಂದ ಬರುತ್ತೆ ಅಂತ ಯಾರೋ ಹೇಳಿದ್ರಂತೆ. ಒಂದು ದಿನ ಮೆಲ್ಲಗೆ ಕೇಳಿದ್ರು, "ನನ್ನಿಂದ ನಿನಗೆ ಬಂತೇನೋ?" ನಾನು ಕಾಗದ ತಗೊಂಡು ಬರೆದು ತೋರಿಸಿದೆ. ಕೆಂಪು, ಹಸಿರು ಗ್ರಾಹಕದ ವಂಶವಾಹಿಗಳು ಇರೋದು ಎಕ್ಸ್ ವರ್ಣತಂತುವಿನಲ್ಲಿ. ಹೆಂಗಸರಿಗೆ ಎರಡು ಎಕ್ಸ್, ಒಂದು ಕೈಕೊಟ್ರೆ ಇನ್ನೊಂದು ನಿಭಾಯಿಸುತ್ತೆ. ಗಂಡಸರಿಗೆ ಒಂದೇ, ಅದೂ ತಾಯಿಯಿಂದ ಬಂದದ್ದು. ಹಾಗಾಗಿ ಇದು ಗಂಡಸರಲ್ಲೇ ಹೆಚ್ಚು. ಅಮ್ಮನ ಎರಡು ಎಕ್ಸ್‌ನಲ್ಲಿ ಒಂದು ಅಜ್ಜಿಯದು, ಇನ್ನೊಂದು...

ಪೆನ್ನು ಅಲ್ಲೇ ನಿಂತಿತು. ಅಮ್ಮ ನನ್ನ ಮುಖ ನೋಡಿದ್ರು, ನಾನು ಅವರ ಮುಖ ನೋಡಿದೆ. "ಅಪ್ಪಯ್ಯ ಯಾವಾಗ್ಲೂ ಒತ್ತಿ ನೋಡೇ ಕೀಳ್ತಿದ್ರು" ಅಂದ್ರು ಅಮ್ಮ. ಅಜ್ಜ ತೀರಿಕೊಂಡು ಆಗಲೇ ವರ್ಷಗಳಾಗಿತ್ತು, ಯಾವ ಪುಸ್ತಕದ ಚುಕ್ಕಿಯನ್ನೂ ಅವರ ಮುಂದೆ ಯಾರೂ ಹಿಡಿದಿರಲಿಲ್ಲ. ಆದ್ರೂ ನಮಗಿಬ್ಬರಿಗೂ ಅನುಮಾನ ಉಳೀಲಿಲ್ಲ. ಎಪ್ಪತ್ತು ವರ್ಷ ಬೆರಳಲ್ಲೇ ಬಣ್ಣ ನೋಡಿದವರು, ಯಾರಿಗೂ ಹೇಳದೆ ದಾರಿ ಕಂಡುಕೊಂಡವರು. ಆ ದಾರಿಯನ್ನ ನನಗೂ ಕೊಟ್ಟಿದ್ರು, ನನಗೇ ತಿಳಿದಿರಲಿಲ್ಲ.

ಅಕ್ಕನ ಮಗ ಈಗ ಒಂದನೇ ಕ್ಲಾಸು. ಹೋದ ತಿಂಗಳು ಮರಕ್ಕೆ ಕಂದು ಎಲೆ, ಹಸಿರು ಕಾಂಡ ಬರೆದು ತಂದ. ಕೆಂಪು ಇಂಕಿನಲ್ಲಿ ದೊಡ್ಡ ಇಂಟು ಮಾರ್ಕ್. ಅದು ಇಂಕು ಕೆಂಪು ಅಂತ ನನಗೂ ಅಕ್ಕನೇ ಹೇಳಿದ್ದು! ನಾವು ಬೈಯಲಿಲ್ಲ. ಕಣ್ಣಿನ ಡಾಕ್ಟರ್ ಹತ್ತಿರ ಕರ್ಕೊಂಡು ಹೋದ್ವಿ. ಈಗ ಅವನ ಪ್ರತಿ ಕ್ರಯಾನ್ ಮೇಲೂ ಬಣ್ಣದ ಹೆಸರು ಬರೆದಿದೆ. ಟೀಚರ್‌ಗೂ ಹೇಳಿದ್ದೀವಿ, ಅವರು ಅರ್ಥ ಮಾಡ್ಕೊಂಡ್ರು.

ನಿಮಗೆ ಎರಡು ಮಾತು. ಕಾಯಿ ಹಣ್ಣು ಗೊತ್ತಾಗದ, ಚಾರ್ಜರ್ ದೀಪ ಕೆಂಪೋ ಹಸಿರೋ ಅಂತ ಕೇಳೋ ಹುಡುಗ ನಿಮ್ಮ ಮನೆಯಲ್ಲಿದ್ರೆ ಬೇಗ ಪರೀಕ್ಷೆ ಮಾಡಿಸಿ. ಕೆಲಸದ ಬಾಗಿಲಲ್ಲಿ ನಿಂತಾಗ ತಿಳಿಯೋದಕ್ಕಿಂತ ಹತ್ತು ವರ್ಷ ಮುಂಚೆ ತಿಳಿದ್ರೆ ದಾರಿ ಆರಿಸಿಕೊಳ್ಳಬಹುದು. ಇನ್ನೊಂದು, ನಿಮ್ಮಲ್ಲಿ ಎಷ್ಟೋ ಜನ ಆಪ್ ಮಾಡ್ತೀರಿ, ಪಿಪಿಟಿ ಮಾಡ್ತೀರಿ, ಪೋಸ್ಟರ್ ಮಾಡ್ತೀರಿ. ಸರಿಗೆ ಹಸಿರು, ತಪ್ಪಿಗೆ ಕೆಂಪು ಹಚ್ಚಿ ಸುಮ್ಮನಾಗಬೇಡಿ. ಪಕ್ಕದಲ್ಲಿ ಒಂದು ಟಿಕ್ ಹಾಕಿ, ಒಂದು ಪದ ಬರೀರಿ. ನನ್ನಂಥವರಿಗೆ ಅದು ಅಜ್ಜನ ಬೆರಳಿದ್ದ ಹಾಗೆ.

ಈಗ ಆ ನೀರಿನ ಹನಿ ಒರೆಸಿ, ಫೋನ್ ಹಾಳಾದೀತು. ಮುಂದಿನ ವಾರ ಸಿಗೋಣ. ನಮಸ್ಕಾರ.